ರಕ್ತದ ಅಳತೆ, ದಾರಿಯ ತಾಪ: ಉದ್ದೀಪನ ಮದ್ದು ಪರೀಕ್ಷೆಯ ಹೊಸ ಯಂತ್ರಗಳು ಮತ್ತು ಮಧುಗಿರಿ ಸೀಮೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಇಲ್ಲಿನ ಓಟಗಾರ್ತಿಯೊಬ್ಬಳು ಹೋಬಳಿ, ತಾಲ್ಲೂಕು, ಜಿಲ್ಲಾ ಕೂಟಗಳನ್ನು ದಾಟಿ ರಾಷ್ಟ್ರಮಟ್ಟ ತಲುಪಿದರೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ (ನಾಡಾ) ಅವಳ ರಕ್ತದ ಮಾದರಿ ಕೇಳಬಹುದು. 2022ರ ಕಾಯ್ದೆ ಈ ವ್ಯವಸ್ಥೆಗೆ ಶಾಸನದ ಬಲ ಕೊಟ್ಟಿದೆ. 2009ರಲ್ಲಿ ಜಾರಿಗೆ ಬಂದ ರಕ್ತದ ‘ಜೈವಿಕ ಪಾಸ್‌ಪೋರ್ಟ್’ ಪದ್ಧತಿ ಮದ್ದನ್ನೇ ಹುಡುಕುವುದಿಲ್ಲ. ಕ್ರೀಡಾಪಟುವಿನ ರಕ್ತವನ್ನು ಮತ್ತೆ ಮತ್ತೆ ಅಳೆದು, ಮದ್ದು ಬಿಟ್ಟುಹೋದ ಗುರುತನ್ನು ಹುಡುಕುತ್ತದೆ. ಹೀಗಿರುವಾಗ ಹೊಸ ಯಂತ್ರದ ವೇಗ, ಸೂಕ್ಷ್ಮತೆಗಳನ್ನು ನೋಡಿದರೆ ಸಾಲದು. ದೂರದ, ಬಿಸಿಲ ಊರಿನಿಂದ ಬಂದ ರಕ್ತವನ್ನೂ ಅದು ಹಳೆಯ ಯಂತ್ರದಷ್ಟೇ ಸರಿಯಾಗಿ ಓದುತ್ತದೆಯೇ ಎಂದು ಒರೆಗೆ ಹಚ್ಚಬೇಕೆಂಬುದು ಈ ಲೇಖನದ ವಾದ.

ಈ ಪದ್ಧತಿಯಲ್ಲಿ ಸಿಸ್ಮೆಕ್ಸ್ ಎಕ್ಸ್‌ಟಿ ಯಂತ್ರಗಳ ಜಾಗಕ್ಕೆ ಎಕ್ಸ್‌ಎನ್ ಸರಣಿ ಬಂದಿದೆ. ಯಂತ್ರ ಹಿಮೋಗ್ಲೋಬಿನ್ನನ್ನು ಬಣ್ಣದ ಗಾಢತೆಯಿಂದ ಅಳೆಯುತ್ತದೆ. ರೆಟಿಕ್ಯುಲೊಸೈಟ್‌ಗಳಿಗೆ, ಅಂದರೆ ಎಳೆಯ ಕೆಂಪು ಕಣಗಳಿಗೆ, ಹೊಳೆಯುವ ಬಣ್ಣ ಹತ್ತಿಸಿ ಲೇಸರ್ ಬೆಳಕಿನಲ್ಲಿ ಎಣಿಸುತ್ತದೆ. ಇವೆರಡರಿಂದ ‘ಆಫ್ ಸ್ಕೋರ್’ ಸಿಗುತ್ತದೆ: ಲೀಟರಿಗೆ ಗ್ರಾಂ ಲೆಕ್ಕದ ಹಿಮೋಗ್ಲೋಬಿನ್ನಿನಿಂದ, ಎಳೆಯ ಕಣಗಳ ಶೇಕಡಾ ಪ್ರಮಾಣದ ವರ್ಗಮೂಲದ 60 ಪಟ್ಟನ್ನು ಕಳೆಯಬೇಕು. ಹಿಮೋಗ್ಲೋಬಿನ್ 140, ಎಳೆಯ ಕಣ ಶೇ 1 ಇದ್ದರೆ ಅಂಕ 80. ಅದೇ ರಕ್ತದಲ್ಲಿ ಹೊಸ ಯಂತ್ರ ಶೇ 0.8 ಎಂದು ಓದಿದರೆ ಅಂಕ 86.3ಕ್ಕೆ ಏರುತ್ತದೆ. ದೇಹದಲ್ಲಿ ಏನೂ ಬದಲಾಗದೆ ದಾಖಲೆ ಮಾತ್ರ ಬದಲಾಯಿತು.

ಇದರ ಮೇಲೆ ದಾರಿಯ ಪ್ರಶ್ನೆ ಇದೆ. ಸಾಗಣೆಯ ಸರಾಸರಿ ಉಷ್ಣಾಂಶದ ಮೂರು ಪಟ್ಟಿಗೆ, ರಕ್ತ ತೆಗೆದಾಗಿನಿಂದ ವಿಶ್ಲೇಷಣೆಯವರೆಗಿನ ಗಂಟೆಗಳನ್ನು ಕೂಡಿದರೆ 85 ಮೀರಬಾರದೆಂಬುದು ನಿಯಮ. ಪೆಟ್ಟಿಗೆ 4 ಡಿಗ್ರಿಯಲ್ಲಿ ಉಳಿದರೆ 73 ಗಂಟೆ ಅವಕಾಶ. 12 ಡಿಗ್ರಿಗೆ ಏರಿದರೆ 49 ಗಂಟೆಯಷ್ಟೇ. ಮೂರು ಕಡೆ ಆಂಧ್ರ ಸುತ್ತುವರಿದ ಪಾವಗಡದಿಂದ ಬೆಂಗಳೂರಿಗೆ, ಅಲ್ಲಿಂದ ದೆಹಲಿಯ ಪ್ರಯೋಗಾಲಯಕ್ಕೆ ಹೊರಟ ಪೆಟ್ಟಿಗೆಗೆ ಆ 24 ಗಂಟೆಗಳ ವ್ಯತ್ಯಾಸ ದೊಡ್ಡದು. ಬೆರಳ ತುದಿಯ ರಕ್ತವನ್ನು ಕಾಗದದಲ್ಲಿ ಒಣಗಿಸಿ ಕಳಿಸಬಹುದಲ್ಲ ಎನ್ನಬಹುದು. ಕೆಲವು ನಿಷೇಧಿತ ಮದ್ದುಗಳ ಪತ್ತೆಗೆ ಅದು ಒದಗುತ್ತದೆ. ಆದರೆ ಒಣಗಿದ ಕಲೆಯಲ್ಲಿ ಇಡೀ ಕಣಗಳು ಉಳಿಯುವುದಿಲ್ಲವಾದ್ದರಿಂದ ಈ ಯಂತ್ರ ಅವನ್ನು ಎಣಿಸಲಾರದು. ಕ್ರೀಡಾಪಟುವನ್ನೇ ನಗರಕ್ಕೆ ಕರೆಸೋಣವೆಂದರೆ, ಮುನ್ಸೂಚನೆಯಿಲ್ಲದ ಪರೀಕ್ಷೆಯ ಉದ್ದೇಶವೇ ಕೆಡುತ್ತದೆ.

ಪಾಸ್‌ಪೋರ್ಟ್ ಪ್ರತಿಯೊಬ್ಬರನ್ನೂ ಅವರೊಂದಿಗೇ ಹೋಲಿಸುವುದರಿಂದ ಪ್ರದೇಶದ ಮಾತು ಅಪ್ರಸ್ತುತ ಎಂಬುದು ಇನ್ನೂ ಬಲವಾದ ಆಕ್ಷೇಪ. ಆದರೆ ಮೊದಲ ಕೆಲವು ಮಾದರಿಗಳಲ್ಲಿ ಸಹಜವೆನ್ನುವ ಮಿತಿಗಳು ಬಹುಪಾಲು ಜನಸಮೂಹದ ಅಂಕಿಗಳಿಂದಲೇ ಬರುತ್ತವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆಯಿದೆ. ಕಬ್ಬಿಣಾಂಶದ ಮಾತ್ರೆ ಹಿಡಿಸಿದಾಗ ಎಳೆಯ ಕಣಗಳು ಏರುತ್ತವೆ. ಕೆಂಪು ಕಣ ಹೆಚ್ಚಿಸುವ ಇಪಿಒ ಮದ್ದನ್ನು ಚುಚ್ಚಿಸಿಕೊಂಡಾಗಲೂ ಹಾಗೆಯೇ ಏರುತ್ತವೆ. ತಜ್ಞರು ಇವೆರಡನ್ನು ಬೇರ್ಪಡಿಸಬಲ್ಲರು, ಆದರೆ ಅವರ ಕೈಗೆ ಬರುವ ಅಂಕಿ ನಂಬುವಂತಿರಬೇಕು. ಆದ್ದರಿಂದ ಒಂದೇ ನಳಿಕೆಯ ರಕ್ತವನ್ನು ಎರಡೂ ಯಂತ್ರಗಳಲ್ಲಿ, ತೆಗೆದ ದಿನದಿಂದ ಮೂರನೆಯ ದಿನದವರೆಗೆ ಓದಿಸಬೇಕು. ರಕ್ತಹೀನರ ಮಾದರಿಗಳೂ ಅದರಲ್ಲಿರಬೇಕು. ಸರಾಸರಿ ಹೊಂದಿತೆಂದು ನಿಲ್ಲದೆ ಪ್ರತಿ ಮಟ್ಟದ ವ್ಯತ್ಯಾಸವನ್ನೂ ಪ್ರಕಟಿಸಬೇಕು. ಯಂತ್ರದಿಂದ ಹುಟ್ಟಿದ 6.3 ಅಂಕಕ್ಕೆ ಪಾವಗಡದ ಓಟಗಾರ್ತಿ ಉತ್ತರ ಹೇಳುವಂತಾದರೆ, ಆ ಪರೀಕ್ಷೆ ತಾನು ಕಾಯಬೇಕಾದ ನ್ಯಾಯವನ್ನೇ ಕೈಬಿಟ್ಟಂತೆ.