ಒಂದು ಪ್ರಶ್ನೆ, ನಾಲ್ಕು ಬೇನೆ

2011ರ ಜನಗಣತಿಗೆಂದು ಮನೆಮನೆ ಅಲೆದ ಉಪಾಧ್ಯಾಯರಲ್ಲಿ ನಾನೂ ಒಬ್ಬ. "ಏನು ಕೆಲಸ ಮಾಡುತ್ತೀರಿ ತಾಯಿ?" ಎಂದು ಕೇಳಿದರೆ, ಮೊಣಕಾಲವರೆಗೆ ಗದ್ದೆಯ ಕೆಸರು ಮೆತ್ತಿಕೊಂಡಿದ್ದ ಹೆಂಗಸು "ಏನೂ ಇಲ್ಲ ಮೇಷ್ಟ್ರೇ, ಮನೇಲೇ ಇದೀನಿ" ಎಂದಳು. ಆಕೆ ಸುಳ್ಳಾಡಲಿಲ್ಲ, ನನ್ನ 'ಕೆಲಸ'ದ ಅರ್ಥವೇ ಬೇರೆ, ಆಕೆಯದೇ ಬೇರೆ. ಬಾಂಗ್ಲಾದೇಶದ ಒಂದು ಸಮೀಕ್ಷೆಯ ವೃತ್ತಾಂತವನ್ನು ಓದುವಾಗ ನನಗೆ ಆ ತಾಯಿಯ ನೆನಪಾಯಿತು.

ಭೇದಿ ಹತ್ತಿದ ಮಗು ಸಾಯುವುದು ಬಹುಮಟ್ಟಿಗೆ ಮೈಯ ನೀರೂ ಉಪ್ಪೂ ಬತ್ತುವುದರಿಂದ. ಸಿಹಿ ಜೊತೆಗಿದ್ದರೆ ಕರುಳು ಇವೆರಡನ್ನೂ ಹೀರಿಕೊಳ್ಳುತ್ತದೆ. ಇದನ್ನು ಬಲ್ಲ ಬ್ರಾಕ್ ಎಂಬ ಸಂಸ್ಥೆಯು 1980ರಲ್ಲಿ ಹಳ್ಳಿಗಳಿಗೆ ಕಾರ್ಯಕರ್ತೆಯರನ್ನು ಕಳುಹಿಸಿತು. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು: ಪಾಠ ಇಷ್ಟೇ. ಹತ್ತು ವರ್ಷಗಳಲ್ಲಿ ಅವರು ಮುಟ್ಟಿದ ಮನೆಗಳು 1 ಕೋಟಿ 20 ಲಕ್ಷಕ್ಕೂ ಹೆಚ್ಚು. ಆಮೇಲೆ ಪರಿವೀಕ್ಷಕರು ಬಂದು ಕೆಲವು ತಾಯಂದಿರನ್ನು ಪರೀಕ್ಷಿಸುವರು. ತಾಯಂದಿರು ಕೊಟ್ಟ ಉತ್ತರದ ಮೇಲೆ ಕಾರ್ಯಕರ್ತೆಯ ಸಂಬಳ. (ನಮ್ಮ ವೃತ್ತಿಗೆ ಈ ಪದ್ಧತಿ ಬಾರದಿರಲಿ!)

ತಾಯಂದಿರು ಪಾಠವನ್ನು ಚೆನ್ನಾಗಿಯೇ ಒಪ್ಪಿಸಿದರು. ಆದರೆ ಮಗುವಿಗೆ ಭೇದಿಯಾದಾಗ ಆ ನೀರನ್ನು ಕುಡಿಸಿದವರು ತೀರ ಕಡಿಮೆ ಎಂದು ಲೆಕ್ಕ ಹೇಳಿತು. ತಾವಾಗಿದ್ದರೆ ಏನೆನ್ನುತ್ತಿದ್ದಿರಿ? ಹಳ್ಳಿಯವರಿಗೆ ಎಷ್ಟು ಹೇಳಿದರೂ ಅಷ್ಟೇ, ಎಂದಲ್ಲವೆ? ಸಂಸ್ಥೆಯವರು ಹಾಗೆನ್ನದೆ ಲೆಕ್ಕವನ್ನೇ ಅನುಮಾನಿಸಿದರು. ಕಾರ್ಯಕರ್ತೆಯರನ್ನು ವಿಚಾರಿಸಿದರೆ, ಅವರಲ್ಲೇ ಅನೇಕರಿಗೆ ಆ ನೀರಿನಲ್ಲಿ ನಂಬಿಕೆಯಿರಲಿಲ್ಲ. ತಾಯಂದಿರನ್ನು ವಿಚಾರಿಸಿದಾಗಲಂತೂ ಶಬ್ದದ ತೊಡಕೇ ಹೊರಬಿತ್ತು.

ವೈದ್ಯರು ಒಂದೇ ಹೆಸರಿನಲ್ಲಿ ಕರೆದದ್ದು ತಾಯಂದಿರಿಗೆ ನಾಲ್ಕು ಬೇನೆ. ಎದೆಹಾಲಿನಿಂದ ಆಗುವುದು 'ದುದ್ ಹಾಗಾ'. ಉಂಡದ್ದು ಅರಗದೆ ಆಗುವುದು 'ಅಜೀರ್ಣ'. ಈ ಶಬ್ದ ನಮ್ಮದೂ ಹೌದು. ಆಮ, ರಕ್ತ ಬೀಳುವುದು 'ಆಮಾಶಾ'. ನಮ್ಮ ಆಮಶಂಕೆಯ ನೆಂಟ. ನೀರುನೀರಾಗಿ ಹೋಗಿ ಮಗು ಸೊರಗುವುದು ಮಾತ್ರ 'ಡಯರಿಯಾ'. ಉಪ್ಪುಬೆಲ್ಲದ ನೀರು ಈ ಕಡೆಯದಕ್ಕೆ ಎಂದೇ ಅವರು ತಿಳಿದಿದ್ದರು. ನಾಲ್ಕನ್ನೂ ಬೇರೆಬೇರೆಯಾಗಿ ಎಣಿಸಿದಾಗ, ಜೀವಕ್ಕೆ ಎರವಾಗುವ ಆ ಬೇನೆಯಲ್ಲಿ ತಾಯಂದಿರು ಉಳಿದವುಗಳಿಗಿಂತ ಬಹಳ ಹೆಚ್ಚಾಗಿ ಆ ನೀರನ್ನು ಕುಡಿಸಿದ್ದು ಕಂಡುಬಂತು.

ಸಂಸ್ಥೆಯು ಕಾರ್ಯಕರ್ತೆಯರನ್ನು ಢಾಕಾದ ಕಾಲರಾ ಆಸ್ಪತ್ರೆಗೆ ಕರೆದೊಯ್ದು, ಆ ನೀರಿನ ಗುಣವನ್ನು ಕಣ್ಣಾರೆ ಕಾಣಿಸಿತು. ಪಾಠದಿಂದ ಹೊರಗುಳಿದಿದ್ದ ಗಂಡಸರಿಗೂ ತಿಳಿಹೇಳಿತು. ರೇಡಿಯೋದಲ್ಲಿಯೂ ಆ ಮಾತನ್ನು ಬಿತ್ತರಿಸಲಾಯಿತು.

ನನ್ನ ಗಣತಿಯ ನಮೂನೆಯಲ್ಲಿ ಆ ತಾಯಿಯ ಹೆಸರಿನ ಮುಂದೆ ಏನು ಬರೆದೆನೆಂದು ಕೇಳುತ್ತೀರಾ? ಮತ್ತೆ ಕೇಳಿದೆ: "ಬೆಳಿಗ್ಗೆ ಎಲ್ಲಿಗೆ ಹೋಗಿದ್ದಿರಿ ತಾಯಿ?" "ನಾಟಿಗೆ" ಎಂದಳು.