ಜೀಪ್ ಎತ್ತರಿಸುವ ಮುನ್ನ: ಯಾವ ಬಿಡಿಭಾಗ, ಏನು ತೊಂದರೆ?

ಕಾಸರಗೋಡು ಜಿಲ್ಲೆಯ ಪೂರ್ವದ ಗುಡ್ಡಗಾಡಿನಲ್ಲಿ ಫೋರ್ ವೀಲ್ ಡ್ರೈವ್ ಜೀಪ್ ಹಲವರಿಗೆ ದಿನದ ಅಗತ್ಯ. ಮಳೆಗಾಲದಲ್ಲಿ ಪಾಣತ್ತೂರು, ರಾಣಿಪುರಂ ಕಡೆಯ ತೋಟಗಳ ಮಣ್ಣು ರಸ್ತೆ ಹತ್ತಲು ಬೇರೆ ಗಾಡಿ ಸಾಲದು. ಇದರ ಜೊತೆಗೆ ಥಾರ್, ಜಿಮ್ನಿ ಕೊಂಡ ಯುವಕರಿಗೂ, ಗಲ್ಫ್‌ನ ಮರಳಿನಲ್ಲಿ ಎತ್ತರದ ಪಟ್ರೋಲ್, ಲ್ಯಾಂಡ್ ಕ್ರೂಸರ್ ನೋಡಿ ಬಂದವರಿಗೂ ಗಾಡಿಯನ್ನು ಒಂದೆರಡು ಇಂಚು ‘ಲಿಫ್ಟ್’ ಮಾಡಿಸುವ ಆಸೆ. ಆದರೆ ಸ್ಪ್ರಿಂಗ್ ಬದಲಿಸಿದರೆ ಕೆಲಸ ಮುಗಿಯಿತು ಅಂದುಕೊಂಡರೆ ತಪ್ಪು. ಗಾಡಿ ಎತ್ತರಿಸಿದಷ್ಟೂ ಸ್ಟೇರಿಂಗ್, ಬ್ರೇಕ್, ಶಾಫ್ಟ್ ಎಲ್ಲದರ ಕೋನ ಬದಲಾಗುತ್ತದೆ.

ನಿಜಕ್ಕೂ ಏನು ಎತ್ತರವಾಗುತ್ತದೆ?

ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್ ಇರುವ ಜಿಪ್ಸಿ, ಜಿಮ್ನಿ, ಹಳೆಯ ಮಹೀಂದ್ರಾ ಜೀಪುಗಳಲ್ಲಿ ಸ್ಪ್ರಿಂಗ್ ಎತ್ತರಿಸಿದರೆ ಬಾಡಿ ಮತ್ತು ಚಾಸಿಸ್ ಮಾತ್ರ ಮೇಲೇರುತ್ತವೆ. ಕಲ್ಲಿಗೆ ಮೊದಲು ತಾಗುವ ಡಿಫರೆನ್ಷಿಯಲ್ ಹೌಸಿಂಗ್ ಇದ್ದಲ್ಲೇ ಇರುತ್ತದೆ. ಅದು ಏರಬೇಕಾದರೆ ದೊಡ್ಡ ಟಯರ್ ಬೇಕು.

ಜಿಮ್ನಿಯ 195/80 ಆರ್15 ಟಯರಿನ ವ್ಯಾಸ ಸುಮಾರು 693 ಮಿ.ಮೀ. ಅದರ ಬದಲು 235/75 ಆರ್15 ಹಾಕಿದರೆ ವ್ಯಾಸ ಸುಮಾರು 733 ಮಿ.ಮೀ. ಆಕ್ಸಲ್ ಏರುವುದು ಇದರ ಅರ್ಧ, ಅಂದರೆ 20 ಮಿ.ಮೀ. ಅಷ್ಟೆ. ಸ್ಪೀಡೋಮೀಟರ್ ಕೂಡಾ ಮೊದಲಿಗಿಂತ ಸುಮಾರು ಶೇ. 6ರಷ್ಟು ಕಡಿಮೆ ತೋರಿಸುತ್ತದೆ.

ಗಾಡಿಗೆ ತಕ್ಕ ವಿಧಾನ

ಜಿಪ್ಸಿ, ಎಂಎಂ 540ರಂಥ ಗಾಡಿಗಳಿಗೆ ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್. ಇವುಗಳಿಗೆ ಹೆಚ್ಚು ಬಾಗಿದ ಪ್ಲೇಟ್ ಸೆಟ್ ಹಾಕುವುದು ಸರಿಯಾದ ದಾರಿ. ಹಳೆ ಸೆಟ್‌ಗೆ ಒಂದೆರಡು ಪ್ಲೇಟ್ ಸೇರಿಸಿದರೆ ಎತ್ತರ ಸಿಗುತ್ತದೆ, ಆದರೆ ಖಾಲಿ ಗಾಡಿ ಕುಣಿಯತೊಡಗುತ್ತದೆ. ಉದ್ದದ ಶ್ಯಾಕಲ್ ಅಗ್ಗ. ಆದರೆ ಶ್ಯಾಕಲ್ 2 ಇಂಚು ಉದ್ದವಾದರೆ ಗಾಡಿ ಏರುವುದು ಸುಮಾರು 1 ಇಂಚು, ಜೊತೆಗೆ ಆಕ್ಸಲ್ ತಿರುಗಿ ಕೋನ ತಪ್ಪುತ್ತದೆ. ಆಕ್ಸಲಿನ ಅಡಿಯಲ್ಲಿರುವ ಸ್ಪ್ರಿಂಗನ್ನು ಮೇಲಕ್ಕೆ ತಂದು ಕೂರಿಸುವವರೂ ಇದ್ದಾರೆ. ಅದರಲ್ಲಿ ಎತ್ತರ ತುಂಬಾ ಸಿಗುತ್ತದೆ, ಆದರೆ ಜೋರಾಗಿ ಆಕ್ಸಿಲರೇಟರ್ ಕೊಟ್ಟಾಗ ಆಕ್ಸಲ್ ತಿರುಚಿಕೊಳ್ಳುತ್ತದೆ. ಬ್ರೇಕ್, ಸ್ಟೇರಿಂಗ್ ಎರಡನ್ನೂ ಹೊಸದಾಗಿ ಹೊಂದಿಸಬೇಕಾಗುತ್ತದೆ.

ಜಿಮ್ನಿಗೆ ನಾಲ್ಕೂ ಕಡೆ ಕಾಯಿಲ್ ಸ್ಪ್ರಿಂಗ್. ಎತ್ತರದ ಸ್ಪ್ರಿಂಗ್ ಅಥವಾ ಸ್ಪೇಸರ್ ಹಾಕಿದಾಗ ಆಕ್ಸಲನ್ನು ಅಡ್ಡಕ್ಕೆ ಹಿಡಿದಿಡುವ ರಾಡ್ ಅದನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ಅದಕ್ಕೆ ಉದ್ದ ಹೊಂದಿಸಬಹುದಾದ ರಾಡ್ ಬೇಕು.

2020ರಲ್ಲಿ ಬಂದ ಥಾರ್‌ನ ಮುಂದಿನ ಚಕ್ರಗಳು ಸ್ವತಂತ್ರ, ಹಿಂದೆ ಗಟ್ಟಿ ಆಕ್ಸಲ್, ಎರಡೂ ಕಡೆ ಕಾಯಿಲ್. ಮುಂದೆ ಅತಿಯಾಗಿ ಎತ್ತರಿಸಿದರೆ ಡ್ರೈವ್ ಶಾಫ್ಟ್‌ನ ಜಾಯಿಂಟ್ ಓರೆಯಾಗಿ ರಬ್ಬರ್ ಬೂಟ್ ಹರಿಯುತ್ತದೆ, ಬಾಲ್ ಜಾಯಿಂಟ್ ಬೇಗ ಸವೆಯುತ್ತದೆ. ಅದಕ್ಕೂ ಹಿಂದಿನ ಸಿಆರ್‌ಡಿಇ ಥಾರ್‌ನಲ್ಲಿ ಮುಂದೆ ಟಾರ್ಷನ್ ಬಾರ್. ಅದರ ಬೋಲ್ಟ್ ತಿರುಗಿಸಿ ಎತ್ತರಿಸುವುದು ಸುಲಭ, ಆದರೆ ಚಕ್ರ ಕೆಳಗಿಳಿಯುವ ಅವಕಾಶ ಅಷ್ಟೇ ಕಡಿಮೆಯಾಗುತ್ತದೆ. ಗುಂಡಿಯಲ್ಲಿ ಚಕ್ರ ನೆಲ ಬಿಟ್ಟರೆ ಎತ್ತರ ಇದ್ದೂ ಪ್ರಯೋಜನವಿಲ್ಲ.

ಜೊತೆಗೆ ನೋಡಬೇಕಾದ ಭಾಗಗಳು

ಶಾಕ್ ಅಬ್ಸಾರ್ಬರ್: ಹಳೆಯದು ಗಿಡ್ಡವಾಗಿ ಚಕ್ರದ ಭಾರ ಅದರ ಮೇಲೆಯೇ ತೂಗುತ್ತದೆ. ಹೊಸದು ತೀರಾ ಉದ್ದವಾದರೆ ಒತ್ತಿದಾಗ ತಳ ಮುಟ್ಟಿ ಒಡೆಯುತ್ತದೆ. ಬಂಪ್ ಸ್ಟಾಪ್ ಕೂಡಾ ಅದಕ್ಕೆ ತಕ್ಕಂತೆ ಇರಬೇಕು.

ಬ್ರೇಕ್ ಹೋಸ್: ಚಕ್ರ ಪೂರ್ತಿ ಕೆಳಗಿಳಿದಾಗಲೂ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿದಾಗಲೂ ಪೈಪ್ ಬಿಗಿಯಾಗಬಾರದು. ಇದನ್ನು ಗಾಡಿ ಜಾಕ್ ಮೇಲಿರುವಾಗಲೇ ನೋಡಿಕೊಳ್ಳಬೇಕು.

ಹಿಂದಿನ ಬ್ರೇಕ್ ವಾಲ್ವ್: ಕೆಲವು ಗಾಡಿಗಳಲ್ಲಿ ಹಿಂದಿನ ಭಾರ ನೋಡಿ ಬ್ರೇಕ್ ಒತ್ತಡ ಹಂಚುವ ವಾಲ್ವ್ ಇರುತ್ತದೆ. ಗಾಡಿ ಎತ್ತರವಾದರೆ ಅದು ‘ಹಿಂದೆ ಲೋಡ್ ಇಲ್ಲ’ ಎಂದು ತಿಳಿದು ಹಿಂದಿನ ಬ್ರೇಕ್ ಕಡಿಮೆ ಕೊಡುತ್ತದೆ. ವಾಲ್ವ್‌ನ ಕಡ್ಡಿಯನ್ನು ಮತ್ತೆ ಹೊಂದಿಸದಿದ್ದರೆ ಲೋಡ್ ಹಾಕಿ ಇಳಿಜಾರು ಇಳಿಯುವಾಗ ಅಪಾಯ.

ಸ್ಟೇರಿಂಗ್: ಮುಂದಿನ ಆಕ್ಸಲ್ ತಿರುಗಿ ಕ್ಯಾಸ್ಟರ್ ಕೋನ ಕಡಿಮೆಯಾದರೆ ತಿರುವಿನ ನಂತರ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಹೈವೇಯಲ್ಲಿ ಗಾಡಿ ಅತ್ತಿತ್ತ ಹೋಗುತ್ತದೆ. ಜಿಮ್ನಿಗೆ ಕೋನ ಸರಿಪಡಿಸುವ ಬುಷ್ ಸಿಗುತ್ತದೆ, ಲೀಫ್ ಸ್ಪ್ರಿಂಗ್ ಗಾಡಿಗೆ ವೆಜ್ ಹಾಕುತ್ತಾರೆ. ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಕಡ್ಡಾಯ.

ಪ್ರೊಪೆಲ್ಲರ್ ಶಾಫ್ಟ್: ಕೋನ ಹೆಚ್ಚಾದರೆ ನಡುಕ ಬರುತ್ತದೆ, ಕ್ರಾಸ್ ಬೇಗ ಹೋಗುತ್ತದೆ. ಶಾಫ್ಟ್ ಗಿಡ್ಡವಾದರೆ ಸ್ಪೇಸರ್ ಬೇಕು.

ಹೆಡ್‌ಲೈಟ್: ಬೆಳಕು ಎದುರಿನವರ ಕಣ್ಣಿಗೆ ಹೊಡೆಯದಂತೆ ತಗ್ಗಿಸಬೇಕು.

ಮಗುಚುವ ಅಪಾಯ

ಗಾಡಿ ಎಷ್ಟು ಸುಲಭವಾಗಿ ಮಗುಚುತ್ತದೆ ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ: ಎಡ ಬಲ ಚಕ್ರಗಳ ನಡುವಿನ ಅಂತರದ ಅರ್ಧವನ್ನು ಭಾರದ ಕೇಂದ್ರದ ಎತ್ತರದಿಂದ ಭಾಗಿಸಬೇಕು. ಅಂತರ 1400 ಮಿ.ಮೀ., ಕೇಂದ್ರದ ಎತ್ತರ 700 ಮಿ.ಮೀ. ಇದ್ದರೆ ಉತ್ತರ 1. ಕೇಂದ್ರ 70 ಮಿ.ಮೀ. ಏರಿದರೆ ಉತ್ತರ ಸುಮಾರು 0.91. ಸಂಖ್ಯೆ ಇಳಿದಷ್ಟೂ ಮಗುಚುವುದು ಸುಲಭ. ಕ್ಯಾರಿಯರ್ ಮೇಲೆ ಸಾಮಾನು ಹೇರಿದರೆ ಇನ್ನೂ ಇಳಿಯುತ್ತದೆ. ಮರಳುದಿಬ್ಬದ ಓರೆಯಲ್ಲೂ ಘಾಟಿಯ ತಿರುವಿನಲ್ಲೂ ಲೆಕ್ಕ ಒಂದೇ. ಮೇಲಾಗಿ ಉಮ್ಮ, ಮಕ್ಕಳು ಹತ್ತಿ ಇಳಿಯುವ ಮನೆಯ ಗಾಡಿಯಾದರೆ ಎತ್ತರವೇ ಒಂದು ಕಷ್ಟ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂ. ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಇದು ಕೇಂದ್ರ ಕಾಯ್ದೆ. ತಲಪಾಡಿ ಗಡಿಯ ಆಚೆಗೂ ಈಚೆಗೂ ಒಂದೇ. ಅಪಘಾತವಾದರೆ ಇನ್ಶೂರೆನ್ಸ್ ಕಂಪೆನಿ ಕೂಡಾ ಈ ಬದಲಾವಣೆಯನ್ನೇ ಮುಂದಿಟ್ಟು ಕ್ಲೇಮ್‌ಗೆ ತಕರಾರು ತೆಗೆಯಬಹುದು.

ಆದುದರಿಂದ ಗ್ಯಾರೇಜಿಗೆ ಹೋಗುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ತೋಟದ ದಾರಿಗೆ ಮಾತ್ರವಾದರೆ ಒಳ್ಳೆಯ ಗ್ರಿಪ್ ಇರುವ, ಮೂಲ ಅಳತೆಯದೇ ಟಯರ್, ಸವೆದ ಬುಷ್ ಮತ್ತು ಶಾಕ್‌ಗಳ ಬದಲಾವಣೆ, ಕೆಸರಿನಲ್ಲಿ ಟಯರಿನ ಗಾಳಿ ತುಸು ಇಳಿಸುವುದು, ಇಷ್ಟರಲ್ಲೇ ಹೆಚ್ಚಿನ ಕೆಲಸ ಆಗುತ್ತದೆ. ಡಾಮರು ರಸ್ತೆಗೆ ಬರುವ ಮುನ್ನ ಗಾಳಿ ಮತ್ತೆ ತುಂಬಿಸಲು ಮಾತ್ರ ಮರೆಯಬಾರದು.