ಕಾರಿನ ಕಣ್ಣಿಗೆ ಮೂರು ತಂತಿ

2013ರ ಫೆಬ್ರವರಿ 15ರಂದು ಬೆಳಿಗ್ಗೆ ಸುಮಾರು 9 ಗಂಟೆ 20 ನಿಮಿಷಕ್ಕೆ ರಷ್ಯದ ಚೆಲ್ಯಾಬಿನ್ಸ್ಕ್ ನಗರದ ಬಳಿ ಆಕಾಶದಲ್ಲಿ ಭಾರಿ ಉಲ್ಕೆಯೊಂದು ಸಿಡಿಯಿತು. ಸುಮಾರು 20 ಮೀಟರ್ ಅಗಲದ ಆ ಬಂಡೆ ಸೆಕೆಂಡಿಗೆ 19 ಕಿಲೋಮೀಟರ್ ವೇಗದಲ್ಲಿ ವಾಯುಮಂಡಲವನ್ನು ಹೊಕ್ಕಿತ್ತು. ನೆಲದಿಂದ ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ ಅದು ಸೂರ್ಯನನ್ನೂ ಮಂಕಾಗಿಸುವಂತೆ ಬೆಳಗಿತು. ಬೆಳಕು ಕಂಡ ಎರಡು ನಿಮಿಷಗಳ ಮೇಲೆ ಬಂದ ಆಘಾತ ತರಂಗಕ್ಕೆ ಕಿಟಕಿ ಗಾಜುಗಳು ಪುಡಿಯಾಗಿ ಸುಮಾರು 1,500 ಮಂದಿ ಗಾಯಗೊಂಡರು.

ಈ ಬಂಡೆ ಬರುತ್ತಿರುವುದನ್ನು ಯಾವ ದೂರದರ್ಶಕವೂ ಮುಂಚಿತವಾಗಿ ಕಂಡಿರಲಿಲ್ಲ. ಆದರೂ ಅದೇ ದಿನ ಇಡೀ ಜಗತ್ತು ಅದನ್ನು ಹತ್ತಾರು ಕೋನಗಳಿಂದ ನೋಡಿತು. ಇದಕ್ಕೆ ಕಾರಣ ರಷ್ಯದ ಸಾಮಾನ್ಯ ಕಾರುಗಳ ಮುಂಗಾಜಿಗೆ ಅಂಟಿಸಿದ್ದ ಡ್ಯಾಶ್‌ಕ್ಯಾಮ್‌ಗಳು. ಅಪಘಾತವಾದಾಗ ನ್ಯಾಯಾಲಯಕ್ಕೂ ವಿಮೆಯವರಿಗೂ ತೋರಿಸಲು ಸಾಕ್ಷಿ ಬೇಕೆಂದು ಅಲ್ಲಿನ ಚಾಲಕರು ಅವನ್ನು ಇಟ್ಟುಕೊಂಡಿದ್ದರು. ಕೊಲಂಬಿಯದ ಆಂಟಿಯೋಕಿಯ ವಿಶ್ವವಿದ್ಯಾಲಯದ ಖೋರ್ಖೆ ಸುಲುವಾಗ ಮತ್ತು ಇಗ್ನಾಸಿಯೊ ಫೆರಿನ್ ಎಂಬ ಇಬ್ಬರು ವಿಜ್ಞಾನಿಗಳು ಅಂತರಜಾಲದಲ್ಲಿ ದೊರೆತ ವಿಡಿಯೊಗಳನ್ನಷ್ಟೇ ಇಟ್ಟುಕೊಂಡು ಕೆಲವೇ ದಿನಗಳಲ್ಲಿ ಆ ಬಂಡೆಯ ಕಕ್ಷೆಯ ಮೊದಲ ಅಂದಾಜನ್ನು ಕೊಟ್ಟರು. ನಗರದ ಚೌಕದಲ್ಲಿ ದೀಪದ ಕಂಬಗಳ ನೆರಳು ಸರಿದ ಬಗೆಯಿಂದ ಬೆಂಕಿಯುಂಡೆಯ ದಿಕ್ಕನ್ನೂ ಉನ್ನತಿ ಕೋನವನ್ನೂ ಲೆಕ್ಕ ಹಾಕಿದರು. ಕಂಬದ ಎತ್ತರ, ನೆರಳಿನ ಉದ್ದ, ಅವುಗಳ ಅನುಪಾತ: ಇದು ಪ್ರೌಢಶಾಲೆಯ ತ್ರಿಕೋನಮಿತಿ, ಅಷ್ಟೆ!

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಆ ಚಾಲಕರಲ್ಲಿ ಯಾರೂ ಉಲ್ಕೆಗಾಗಿ ಗುಂಡಿ ಒತ್ತಲಿಲ್ಲ. ಕೀಲಿ ತಿರುಗಿಸಿದಾಗ ಕ್ಯಾಮೆರಾ ತಾನಾಗಿಯೇ ಎಚ್ಚರವಾಗಿತ್ತು. ಹೀಗೆ ತಾನಾಗಿ ಎಚ್ಚರವಾಗುವುದರ ಹಿಂದೆ ಕಾರಿನ ವಿದ್ಯುತ್ ವ್ಯವಸ್ಥೆಯ ಒಂದು ಶತಮಾನಕ್ಕೂ ಮೀರಿದ ಚರಿತ್ರೆಯಿದೆ.

ಡ್ಯಾಶ್‌ಕ್ಯಾಮ್ ಈಗ ನಮ್ಮ ರಸ್ತೆಗಳಲ್ಲೂ ಸಾಮಾನ್ಯ. ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಅದು ಕೆಲಸ ಮಾಡುತ್ತದೆ. ಆದರೆ ತಂತಿ ಜೋತಾಡುತ್ತದೆ, ಸಾಕೆಟ್ಟು ಬೇರೆ ಉಪಯೋಗಕ್ಕೆ ಸಿಗುವುದಿಲ್ಲ. ಅನೇಕ ಕಾರುಗಳಲ್ಲಿ ಕೀಲಿ ತೆಗೆದೊಡನೆ ಸಾಕೆಟ್ಟೂ ಆರಿಹೋಗುವುದರಿಂದ ನಿಲ್ಲಿಸಿದ ಕಾರಿಗೆ ಕಾವಲಿರುವುದಿಲ್ಲ. ಆದ್ದರಿಂದ ಹಲವರು ಹಾರ್ಡ್‌ವೈರ್ ಕಿಟ್ ತಂದು ಕ್ಯಾಮೆರಾವನ್ನು ನೇರವಾಗಿ ಫ್ಯೂಸ್ ಬಾಕ್ಸಿಗೆ ತಾವೇ ಜೋಡಿಸುತ್ತಾರೆ. ಪೊಟ್ಟಣ ಬಿಚ್ಚಿದರೆ ಒಂದು ಪುಟ್ಟ ಪೆಟ್ಟಿಗೆ, ಅದರಿಂದ ಹೊರಟ ಮೂರು ತಂತಿಗಳು. ಸಾಮಾನ್ಯವಾಗಿ ಹಳದಿ, ಕೆಂಪು ಮತ್ತು ಕಪ್ಪು. ಪೆಟ್ಟಿಗೆಯ ಕೆಲಸ 12 ವೋಲ್ಟನ್ನು ಕ್ಯಾಮೆರಾಕ್ಕೆ ಬೇಕಾದ 5 ವೋಲ್ಟಿಗೆ ಇಳಿಸುವುದು. ಮೂರು ತಂತಿಗಳ ಕೆಲಸವೇನೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಹಳದಿ ತಂತಿ ಬ್ಯಾಟರಿಯಿಂದ ಸದಾ ವಿದ್ಯುತ್ ಪಡೆಯುವ ತಂತಿ. ಸೀಸ-ಆಮ್ಲ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲೇ ರಚಿಸಿದ್ದ. ಆದರೆ ಪೆಟ್ರೋಲ್ ಕಾರುಗಳಿಗೆ ಮೊದಮೊದಲು ಅದು ಅನಿವಾರ್ಯವಾಗಿರಲಿಲ್ಲ. ಕಿಡಿಗೆ ಮ್ಯಾಗ್ನೆಟೊ ಇತ್ತು, ದೀಪಕ್ಕೆ ಅಸಿಟಲೀನ್ ಅನಿಲವಿತ್ತು, ಎಂಜಿನ್ ಚಾಲೂ ಮಾಡಲು ಕೈಯಿಂದ ತಿರುಗಿಸುವ ಹಿಡಿ ಇತ್ತು. ಆ ಹಿಡಿ ಹಿಮ್ಮುಖವಾಗಿ ಒದ್ದು ಕೈ ಮುರಿದುಕೊಂಡವರು ಬಹಳ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಇದಕ್ಕೆ ಪರಿಹಾರ ಕಂಡುಕೊಂಡ. ಅವನು ಹಿಂದೆ ಡೇಟನ್ ನಗರದ ಕಾರ್ಖಾನೆಯೊಂದರಲ್ಲಿ ಅಂಗಡಿಗಳ ಗಲ್ಲಾಪೆಟ್ಟಿಗೆಯ ಯಂತ್ರಕ್ಕೆ ವಿದ್ಯುತ್ ಮೋಟರು ಜೋಡಿಸಿದ್ದ. ಕ್ಷಣಕಾಲ ಮಾತ್ರ ದುಡಿಯುವ ಮೋಟರಿಗೆ ಅದರ ಶಕ್ತಿಗೆ ಮೀರಿದ ಹೊರೆ ಹೊರಿಸಬಹುದು, ಕಾಯುವಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ ಎಂಬುದು ಅಲ್ಲಿ ಅವನು ಕಲಿತ ಪಾಠ. ಅವನ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಜೊತೆಗೆ ಜನರೇಟರು, ಬ್ಯಾಟರಿ, ವಿದ್ಯುದ್ದೀಪ ಎಲ್ಲವೂ ಒಂದೇ ವ್ಯವಸ್ಥೆಯಾಗಿ ಕೂಡಿಕೊಂಡವು. ಅಂದಿನಿಂದ ಕಾರೆಂದರೆ ಚಕ್ರದ ಮೇಲಿನ ಒಂದು ಸಣ್ಣ ವಿದ್ಯುತ್ ಕೇಂದ್ರ.

ಬಹುಕಾಲ 6 ವೋಲ್ಟೇ ಸಾಕಾಗಿತ್ತು. ಅಧಿಕ ಸಂಪೀಡನದ ದೊಡ್ಡ ಎಂಜಿನ್‌ಗಳು ಬಂದಾಗ ಅಮೆರಿಕದಲ್ಲಿ 1950ರ ದಶಕದಲ್ಲಿ 12 ವೋಲ್ಟು ರೂಢಿಗೆ ಬಂತು. ಕಾರಣ ಸರಳ: ವಿಭವಾಂತರ ಇಮ್ಮಡಿಯಾದರೆ ಅದೇ ಸಾಮರ್ಥ್ಯಕ್ಕೆ ಪ್ರವಾಹ ಅರ್ಧವಾಗುತ್ತದೆ, ಅದೇ ತಂತಿಯಲ್ಲಿ ಉಷ್ಣದ ನಷ್ಟ ಕಾಲುಭಾಗಕ್ಕೆ ಇಳಿಯುತ್ತದೆ.

ಕೆಟರಿಂಗನ ಬ್ಯಾಟರಿ ಕ್ಷಣಕಾಲ ನೂರಾರು ಆಂಪಿಯರ್ ಕೊಡಲು ಹುಟ್ಟಿದ್ದು. ತೊಟ್ಟುತೊಟ್ಟಾಗಿ ದಿನಗಟ್ಟಲೆ ಹರಿಯಲು ಅಲ್ಲ. ನಿಲ್ಲಿಸಿದ ಕಾರಿನಲ್ಲಿ ಕ್ಯಾಮೆರಾ 0.25 ಆಂಪಿಯರ್ ಎಳೆಯುತ್ತದೆ ಎನ್ನಿ. ದಿನಕ್ಕೆ 6 ಆಂಪಿಯರ್-ಗಂಟೆ. ಸಣ್ಣ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿ ಮೂರು ದಿನದಲ್ಲಿ ಅರ್ಧ ಖಾಲಿ! ಹಾಗೆ ಖಾಲಿಯಾಗಿ ಉಳಿದರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳುಗಟ್ಟಿ ಬ್ಯಾಟರಿ ಶಾಶ್ವತವಾಗಿ ಸೊರಗುತ್ತದೆ. ಇದನ್ನು ತಪ್ಪಿಸಲು ಕಿಟ್ಟಿನ ಪೆಟ್ಟಿಗೆಯಲ್ಲಿ ವೋಲ್ಟೇಜು ಇಳಿದಾಗ ಕಡಿತಗೊಳಿಸುವ ಏರ್ಪಾಡಿರುತ್ತದೆ. ವಿಶ್ರಾಂತ ಸ್ಥಿತಿಯಲ್ಲಿ ಪೂರ್ಣ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್, ಅರ್ಧ ತುಂಬಿದ್ದು ಸುಮಾರು 12.2 ವೋಲ್ಟ್ ತೋರಿಸುತ್ತದೆ. ಕೆಲವು ಕಿಟ್‌ಗಳಲ್ಲಿ 11.6ರ ಆಯ್ಕೆಯೂ ಇದೆ. ಅದನ್ನು ಆರಿಸಬೇಡಿ, ಅಷ್ಟು ಹೊತ್ತಿಗೆ ಬ್ಯಾಟರಿ ಬಹುತೇಕ ಬರಿದು. 12.2 ವೋಲ್ಟ್ ಇದ್ದರೆ ಅದೇ ಒಳ್ಳೆಯದು.

ಕೆಂಪು ತಂತಿ ಕೀಲಿಯ ಸುದ್ದಿ ತರುವ ತಂತಿ. ಕೀಲಿ ತಿರುಗಿದಾಗ ಮಾತ್ರ ಅದರಲ್ಲಿ ವಿದ್ಯುತ್ ಇರುತ್ತದೆ. ಅದನ್ನು ಕಂಡು ಕ್ಯಾಮೆರಾ ಕಾರು ಓಡುತ್ತಿದೆಯೊ ನಿಂತಿದೆಯೊ ತಿಳಿಯುತ್ತದೆ. ಜರ್ಮನಿಯ ಡಿಐಎನ್ 72552 ಎಂಬ ಮಾನಕದಲ್ಲಿ ಕಾರಿನ ತುದಿಗಳಿಗೆ ಸಂಖ್ಯೆಗಳಿವೆ: ಸದಾ ಜೀವಂತವಾದದ್ದು 30, ಕೀಲಿಯ ಮೂಲಕ ಬಂದದ್ದು 15, ಚಾಸಿ 31. ಜಪಾನೀ ಮೂಲದ ಕಾರುಗಳಲ್ಲಿ ಬಿ, ಐಜಿ, ಎಸಿಸಿ ಎಂಬ ಅಕ್ಷರಗಳನ್ನು ಕಾಣುವಿರಿ. ಎಂಜಿನ್ ಚಾಲೂ ಮಾಡುವ ಗಳಿಗೆಯಲ್ಲಿ ಸ್ಟಾರ್ಟರಿಗೆ ಪೂರ್ಣ ಶಕ್ತಿ ದೊರೆಯಲೆಂದು ಎಸಿಸಿಯನ್ನು ಅನೇಕ ಕಾರುಗಳು ಕಡಿಯುತ್ತವೆ. ಕ್ಯಾಮೆರಾ ಒಮ್ಮೆ ಆರಿ ಮತ್ತೆ ಹೊತ್ತಿಕೊಂಡರೆ ದೋಷವೆಂದು ಗಾಬರಿಪಡಬೇಕಿಲ್ಲ.

ಕಪ್ಪು ತಂತಿಯನ್ನು ಮೆಕ್ಯಾನಿಕ್‌ಗಳು 'ಬಾಡಿ ಅರ್ತ್' ಎನ್ನುತ್ತಾರೆ. ಮ್ಯೂನಿಕ್ಕಿನ ಭೌತವಿಜ್ಞಾನಿ ಸ್ಟೈನ್‌ಹೈಲ್ 1838ರಲ್ಲಿ ತಂತಿ ವರದಿಯ ಮರಳುದಾರಿಯಾಗಿ ನೆಲವನ್ನೇ ಬಳಸಬಹುದೆಂದು ಕಂಡುಕೊಂಡ. ಎರಡನೆಯ ತಂತಿಯ ಖರ್ಚು ಉಳಿಯಿತು. ಕಾರಿನಲ್ಲೂ ಅದೇ ಉಪಾಯ, ಆದರೆ ಮರಳುದಾರಿ ಉಕ್ಕಿನ ಚಾಸಿ. ರಬ್ಬರ್ ಚಕ್ರಗಳ ಮೇಲೆ ನಿಂತ ಚಾಸಿಗೂ ಭೂಮಿಗೂ ಸಂಬಂಧವಿಲ್ಲ. ಹೆಸರು ಮಾತ್ರ ಹಾಗೇ ಉಳಿದಿದೆ. ಬ್ರಿಟನ್ನಿನ ಅನೇಕ ಕಾರುಗಳಲ್ಲಿ 1960ರ ದಶಕದವರೆಗೂ ಬ್ಯಾಟರಿಯ ಧನ ತುದಿಯನ್ನೇ ಚಾಸಿಗೆ ಕಟ್ಟುತ್ತಿದ್ದರು. ಹಳೆಯ ಕಾರನ್ನು ಜೋಪಾನ ಮಾಡಿಟ್ಟವರು ಮೊದಲು ಇದನ್ನು ನೋಡಿಕೊಳ್ಳಬೇಕು. ಈಗಿನ ಕಾರುಗಳಲ್ಲಿ ಋಣ ತುದಿ ಚಾಸಿಗೆ. ಕೆಲಸ ಆರಂಭಿಸುವಾಗ ಋಣ ತುದಿಯನ್ನೇ ಮೊದಲು ಬಿಚ್ಚಬೇಕೆನ್ನುವುದೂ ಇದರಿಂದಲೇ. ಸ್ಪ್ಯಾನರ್ ಆಗ ಬಾಡಿಗೆ ತಾಗಿದರೂ ಏನೂ ಆಗದು. ಧನ ತುದಿಯನ್ನು ಮೊದಲು ಬಿಚ್ಚುವಾಗ ತಾಗಿದರೆ ಸ್ಪ್ಯಾನರೇ ಕೆಂಪಗೆ ಕಾಯಬಹುದು.

ಕಾರಿಗೆ ಹೊರಗಿನಿಂದ ಉಪಕರಣ ತಂದು ಜೋಡಿಸುವ ಹವ್ಯಾಸ ಹೊಸದೇನಲ್ಲ. 1930ರಲ್ಲಿ ಶಿಕಾಗೊದ ಪಾಲ್ ಗಾಲ್ವಿನ್ ಕಾರ್ ರೇಡಿಯೊ ಮಾರಲು ಹೊರಟ. 'ಮೊಟೊರೋಲ' ಎಂಬ ಹೆಸರು ಹುಟ್ಟಿದ್ದು ಆಗಲೇ. ಸಾಲ ಕೇಳಲು ಹೋದಾಗ ಬ್ಯಾಂಕಿನವನ ಕಾರಿಗೇ ಒಂದು ರೇಡಿಯೊ ಹಾಕಿಸಿದನಂತೆ, ಸ್ವಲ್ಪ ಹೊತ್ತಿನಲ್ಲೇ ಆ ಕಾರು ಹೊತ್ತಿ ಉರಿಯಿತಂತೆ, ಸಾಲ ಸಿಗಲಿಲ್ಲವಂತೆ! ಕಥೆಯಲ್ಲಿ ಒಗ್ಗರಣೆ ಎಷ್ಟಿದೆಯೊ, ಅಪಾಯವಂತೂ ನಿಜ. ಇಲ್ಲಿಂದ ನಾವು ಫ್ಯೂಸಿನ ವಿಚಾರಕ್ಕೆ ಬರಬೇಕು. ಈ ಇಡೀ ಕೆಲಸದ ಜೀವಾಳ ಅದೇ.

ಮಿಂಚಿನಿಂದ ತಂತಿ ವರದಿಯ ಉಪಕರಣಗಳನ್ನು ಕಾಪಾಡಲು ನಡುವೆ ತೆಳು ತಂತಿ ಇಡಬಹುದೆಂದು ಫ್ರಾನ್ಸಿನ ಬ್ರೆಗೆ 1847ರಲ್ಲಿ ಸೂಚಿಸಿದ. ಎಡಿಸನ್ 1880ರಲ್ಲಿ ದೀಪಗಳ ಮಂಡಲಕ್ಕೆ ಅಂಥದೊಂದು ರಕ್ಷಕ ತಂತಿಯ ಪೇಟೆಂಟ್ ಪಡೆದ. ಆದರೆ ಯಾವ ತಂತಿ ಎಷ್ಟು ಪ್ರವಾಹಕ್ಕೆ ಕರಗುತ್ತದೆ? 1880ರ ದಶಕದಲ್ಲಿ ಇದನ್ನು ಅಳೆದು ನೋಡಿದವನು ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ವಿಲಿಯಂ ಪ್ರೀಸ್. ಅವನ ತರ್ಕವನ್ನು ನೀವೂ ಹಲಗೆಯ ಮೇಲೆ ಬರೆದು ತೋರಿಸಬಹುದು. ತಂತಿಯ ಒಂದು ಮೀಟರಿನಲ್ಲಿ ಹುಟ್ಟುವ ಉಷ್ಣ ಪ್ರವಾಹದ ವರ್ಗಕ್ಕೆ ಅನುಲೋಮ, ವ್ಯಾಸದ ವರ್ಗಕ್ಕೆ ವಿಲೋಮ. ಉಷ್ಣ ಹೊರಹೋಗುವುದು ಮೇಲ್ಮೈಯಿಂದ. ಅದು ವ್ಯಾಸಕ್ಕೆ ಅನುಲೋಮ. ಎರಡೂ ಸಮನಾದಾಗ ಪ್ರವಾಹದ ವರ್ಗವು ವ್ಯಾಸದ ಘನಕ್ಕೆ ಅನುಲೋಮವಾಗುತ್ತದೆ. ಎಂದರೆ ಕರಗಿಸುವ ಪ್ರವಾಹ ವ್ಯಾಸದ 1.5ನೆಯ ಘಾತದಂತೆ ಏರುತ್ತದೆ. ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದರೆ ತಾಮ್ರಕ್ಕೆ ಗುಣಕ 80.

ಈಗ ಡ್ಯಾಶ್‌ಕ್ಯಾಮಿಗೆ ಬನ್ನಿ. 0.3 ಮಿಮೀ ವ್ಯಾಸದ, 3 ಮೀಟರ್ ಉದ್ದದ ಅಗ್ಗದ ತಂತಿಯನ್ನು 20 ಆಂಪಿಯರ್ ಫ್ಯೂಸಿನ ಹಿಂದೆ ಯಾರೊ ಸಿಕ್ಕಿಸಿದ್ದಾರೆ ಎನ್ನಿ. ತುದಿಯಲ್ಲಿ ಸಿಪ್ಪೆ ಸವೆದು ಅದು ಬಾಡಿಗೆ ತಾಗಿತು. ತಂತಿಯ ರೋಧ ಸುಮಾರು 0.72 ಓಮ್. ಹರಿಯುವ ಪ್ರವಾಹ 12.6 ಭಾಗಿಸು 0.72, ಎಂದರೆ 17.5 ಆಂಪಿಯರ್. ಫ್ಯೂಸಿಗೆ ಇದು ಲೆಕ್ಕಕ್ಕೇ ಇಲ್ಲ! ಆದರೆ ಪ್ರೀಸನ ಸೂತ್ರದಂತೆ ಈ ತಂತಿ ಬಯಲಿನಲ್ಲಿದ್ದರೂ 13 ಆಂಪಿಯರಿಗೇ ಕರಗಬೇಕು. ಪ್ಲಾಸ್ಟಿಕ್ ಹೊದಿಕೆ ಅದಕ್ಕೆ ಎಷ್ಟೋ ಮೊದಲೇ ಹೊತ್ತುತ್ತದೆ. ಫ್ಯೂಸ್ ಗಟ್ಟಿಯಾಗಿ ಕುಳಿತಿರುತ್ತದೆ, ಮೇಲ್ಛಾವಣಿಯ ಬಟ್ಟೆಯ ಹಿಂದೆ ತಂತಿ ಉರಿಯುತ್ತಿರುತ್ತದೆ. ಫ್ಯೂಸ್ ಕಾಪಾಡುವುದು ಉಪಕರಣವನ್ನು ಎಂದು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆಯುತ್ತಲೇ ಇದ್ದಾರೆ. ಮುಖ್ಯವಾಗಿ ಅದು ಕಾಪಾಡುವುದು ತಂತಿಯನ್ನು. ಅದೇ ತಂತಿಗೆ 2 ಅಥವಾ 3 ಆಂಪಿಯರಿನ ಪ್ರತ್ಯೇಕ ಫ್ಯೂಸ್ ಇದ್ದಿದ್ದರೆ ಕ್ಷಣಾರ್ಧದಲ್ಲಿ ಎಲ್ಲವೂ ಮುಗಿಯುತ್ತಿತ್ತು. 5 ವ್ಯಾಟಿನ ಕ್ಯಾಮೆರಾ ಎಳೆಯುವುದು ಅರ್ಧ ಆಂಪಿಯರಿಗೂ ಕಡಿಮೆ.

ಹಳೆಯ ಕಾರುಗಳ ಗಾಜಿನ ಕೊಳವೆ ಫ್ಯೂಸಿನ ಜಾಗಕ್ಕೆ ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದ ಸುತ್ತುವ ಕೆಟ್ಟ ಚಾಳಿ ಹಲವರಿಗಿತ್ತು. ಲಿಟಲ್‌ಫ್ಯೂಸ್ ಕಂಪೆನಿ 1976ರಲ್ಲಿ ತಂದ ಬ್ಲೇಡ್ ಫ್ಯೂಸ್ ಅದಕ್ಕೆ ಅಷ್ಟು ಸುಲಭವಾಗಿ ಎಡೆಗೊಡುವುದಿಲ್ಲ. ಅದರ ಬಣ್ಣಗಳನ್ನು ನೆನಪಿಡಿ: ನೇರಳೆ 3, ಕಂದುಹಳದಿ 5, ಕೆಂಪು 10, ನೀಲಿ 15, ಹಳದಿ 20 ಆಂಪಿಯರ್. ಹೊಸ ಮಂಡಲಕ್ಕೆ ಫ್ಯೂಸ್ ಟ್ಯಾಪ್ ಎಂಬ ಪುಟ್ಟ ಜೋಡಣೆ ಸಿಗುತ್ತದೆ. ಹಳೆಯ ಫ್ಯೂಸಿನ ಜಾಗದಲ್ಲಿ ಅದು ಕೂತು, ಹಳೆಯದಕ್ಕೂ ಹೊಸದಕ್ಕೂ ಬೇರೆ ಬೇರೆ ಫ್ಯೂಸ್ ಕೊಡುತ್ತದೆ. ಆದರೆ ದಿಕ್ಕು ಮುಖ್ಯ. ಹಳೆಯ ಫ್ಯೂಸ್ ತೆಗೆದು, ಬ್ಯಾಟರಿ ಜೋಡಿಸಿ, ಎರಡು ಸೀಳುಗಳಲ್ಲಿ ಯಾವುದರಲ್ಲಿ 12 ವೋಲ್ಟಿದೆ ಎಂದು ಮಲ್ಟಿಮೀಟರಿನಿಂದ ನೋಡಿ. ತಲೆಕೆಳಗಾಗಿ ಕೂರಿಸಿದರೆ ಎರಡೂ ಮಂಡಲಗಳ ಪ್ರವಾಹ ಹಳೆಯ ಫ್ಯೂಸಿನ ಮೂಲಕವೇ ಹಾದು ಹೋಗುತ್ತದೆ. ಏರ್‌ಬ್ಯಾಗ್ ಮತ್ತು ಬ್ರೇಕಿಗೆ ಸಂಬಂಧಿಸಿದ ಫ್ಯೂಸ್‌ಗಳ ತಂಟೆ ಬೇಡವೇ ಬೇಡ. ಮುಂಗಾಜಿನ ಪಕ್ಕದ ಕಂಬದೊಳಗೆ ಏರ್‌ಬ್ಯಾಗ್ ಇದ್ದರೆ ತಂತಿ ಅದರ ಹಿಂದಿನಿಂದ ಹೋಗಬೇಕು, ಮುಂದೆ ಅಡ್ಡಲಾಗಿ ಅಲ್ಲ. ಕಾರಿಗೆ ವಾರಂಟಿ ಇನ್ನೂ ಇದ್ದರೆ ಅದರ ಷರತ್ತುಗಳನ್ನು ಮೊದಲೇ ಓದಿಕೊಳ್ಳಿ.

ವಿದ್ಯುತ್ ಕಾರು ಕೊಂಡವರಿಗೆ ಒಂದು ಮಾತು. ನೂರಾರು ವೋಲ್ಟಿನ ದೊಡ್ಡ ಬ್ಯಾಟರಿಯ ಜೊತೆಗೆ ಅವುಗಳಲ್ಲೂ ಸಾಮಾನ್ಯವಾಗಿ 12 ವೋಲ್ಟಿನ ಸಣ್ಣ ಬ್ಯಾಟರಿಯೊಂದಿರುತ್ತದೆ, ಕ್ಯಾಮೆರಾ ಜೋಡಿಸಬೇಕಾದದ್ದು ಅದರ ಮಂಡಲಕ್ಕೆ. ಅದು ಬರಿದಾದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳುವುದಿಲ್ಲ. 2023ರಲ್ಲಿ ಬಂದ ಟೆಸ್ಲಾ ಸೈಬರ್‌ಟ್ರಕ್ 12 ವೋಲ್ಟನ್ನು ಬಿಟ್ಟು 48 ವೋಲ್ಟಿಗೆ ಹೋಗಿದೆ. ತರ್ಕ 1950ರ ದಶಕದ್ದೇ, ನಾಲ್ಕು ಪಟ್ಟು ವಿಭವಾಂತರಕ್ಕೆ ಕಾಲುಭಾಗ ಪ್ರವಾಹ. ಅಂಥ ವಾಹನಕ್ಕೆ ಈಗಿನ 12 ವೋಲ್ಟಿನ ಕಿಟ್ಟುಗಳು ಒಗ್ಗುವುದಿಲ್ಲ. ಯಾವುದೇ ವಿದ್ಯುತ್ ಕಾರಿನಲ್ಲಿ ಕಿತ್ತಳೆ ಬಣ್ಣದ ಹೊದಿಕೆಯ ಕೇಬಲ್ ಕಂಡರೆ ಅದು ದೊಡ್ಡ ಬ್ಯಾಟರಿಯದು, ಅದನ್ನು ಮುಟ್ಟಕೂಡದು.